ಹೆಸರಿನ ಕಾಲಂ

ಈ ಊರಿಗೆ ಮೂರು ಹೆಸರು.
ಮೊದಲು ಹಿರೋಡೆ.
ಆಮೇಲೆ ಯಾರದೋ ದಂಡು ಬಂದು
ಬಂಡೆಯ ಪಕ್ಕ ಡೇರೆ ಹೂಡಿ
ಹೋಗುವಾಗ ಮರೆತುಹೋದದ್ದು ಫ್ರೆಂಚ್ ರಾಕ್ಸ್.
ನಮ್ಮಜ್ಜಿಯ ಬಾಯಲ್ಲಿ ಅದು ಪಿರಂಚಿರಾಕ್ಸು,
ಯಾವುದೋ ಕಷಾಯದ ಬೇರಿನ ಹಾಗೆ.
ಈಗ ಪಾಂಡವಪುರ.
ಸ್ಟೇಷನ್ನಿನ ಬೋರ್ಡು ಯಾವ ವರ್ಷ ಬದಲಾಯಿತೆಂದು
ನನ್ನ ಕೇಳಬೇಡಿ. ನಾನು ಗಣಿತದ ಟೀಚರು,
ಇತಿಹಾಸ ನನ್ನ ಪೀರಿಯಡ್ಡಲ್ಲ.

ಭಾನುವಾರ. ಚೀಲದಲ್ಲಿ ಮತದಾರರ ಪಟ್ಟಿ,
ಫಾರಂ ನಂಬರ್ ಆರರ ಕಂತೆ, ನೀರಿನ ಬಾಟ್ಲಿ,
ಬಿಸಿಲಿಗೆ ಮುನಿಸಿಕೊಂಡ ಪೆನ್ನು.
ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿ.
ಕಾಕಂಬಿಯ ವಾಸನೆ ಸೆರಗಿಗೆ ಅಂಟುತ್ತದೆ.

ಅಜ್ಜಿ ಹೇಳುತ್ತಿದ್ದಳು:
ದಿಲ್ಲಿಗೆ ಆಗಸ್ಟಿನಲ್ಲೇ ಬಂತಂತೆ,
ನಮ್ಮ ಸೀಮೆಗೆ ಬರಕ್ಕೆ ಇನ್ನೂ ಎರಡು ತಿಂಗಳು.
'ಗೂಡ್ಸು ಗಾಡೀಲಿ ಬಂದಿರ್ಬೇಕು ಕನವ್ವ, ಅದ್ಕೇ ತಡ.'
ಅರಮನೆ ಒಪ್ಪುವ ತನಕ
ಹುಡುಗರು ಮೈಸೂರಿಗೆ ನಡೆದರು, ಲಾಠಿ ತಿಂದರು.
ಅವಳ ಮೈದುನ ಮುಂಗೈ ಮುರಿದುಕೊಂಡು ಬಂದ.
ಮೂಳೆ ಸೊಟ್ಟಗೆ ಕೂಡಿತು.
ಆ ಸೊಟ್ಟ ಕೈಲೇ ಸಾಯುವ ತನಕ ಮುದ್ದೆ ಮುರಿದ,
ಪಿಂಚಣಿಗೆ ಅರ್ಜಿ ಹಾಕು ಅಂದರೆ
'ಸಾಕ್ಷಿ ಕೇಳ್ತಾರೆ, ಹೊಡೆದೋನ್ನ ಎಲ್ಲಿ ಹುಡುಕ್ಲಿ' ಅಂದ.

ಅದಾಗಿ ಮೂರ್ನಾಕು ವರ್ಷಕ್ಕೆ
ಕೋಟು ತೊಟ್ಟ ಗುಮಾಸ್ತನೊಬ್ಬ ಜಗುಲಿಗೆ ಬಂದ.
'ಹೆಸರು?'
ಬಾಗಿಲ ಹಿಂದಿಂದ ಅಜ್ಜಿ: 'ಮೂಲೆಮನೆ ಸೊಸೆ.'
'ಅದಲ್ಲಮ್ಮ, ಹೆಸರು.'
'ಜವರನ ಅವ್ವ.'
'ಮಗೂದಲ್ಲ, ನಿಂದು.
ಹೇಳದಿದ್ದರೆ ಪಟ್ಟಿಯಿಂದ ಹೊಡೆದುಹಾಕ್ತಾರೆ.'

ಹದಿಮೂರು ವರ್ಷ ಯಾರೂ ಕೂಗದ ಹೆಸರು.
ಅವಳೇ ಹುಡುಕಬೇಕಾಯಿತಂತೆ,
ಗುಡಾಣದ ತಳಕ್ಕೆ ಕೈ ಇಳಿಬಿಟ್ಟು
ರಾಗಿ ಉಳಿದಿದೆಯೋ ಇಲ್ಲವೋ ಎಂದು ತಡಕಿದ ಹಾಗೆ.
ಒಳಗೆ ಅತ್ತೆ ಕೆಮ್ಮಿದಳು.
'ಹೊಂಬಾಳಮ್ಮ.'

ಗುಮಾಸ್ತ ಬರೆದುಕೊಂಡ.
ತಪ್ಪಾಗಿ. ಹೊನ್ನಾಳಮ್ಮ ಅಂತ.
ಆ ತಪ್ಪು ಹೆಸರಿನಲ್ಲೇ ಐವತ್ತು ವರ್ಷ ಓಟು ಹಾಕಿದಳು.
ಯಾರಿಗೆ ಅಂತ ಗಂಡನಿಗೂ ಹೇಳಲಿಲ್ಲ.
'ಹೊನ್ನಾಳಿಗೆ ಗೊತ್ತು, ಅವಳ್ನೇ ಕೇಳು' ಅನ್ನುತ್ತಿದ್ದಳು,
ಬೆರಳಿನ ಶಾಯಿ ಹೋಗದಿರಲೆಂದು
ಎರಡು ದಿನ ಎಡಗೈಯಲ್ಲಿ ಸಗಣಿ ಮುಟ್ಟುತ್ತಿರಲಿಲ್ಲ.

ಇಷ್ಟೇನಾ, ಅಂತ ನನಗೂ ಅನಿಸುವುದುಂಟು.
ತಾಲ್ಲೂಕು ಕಚೇರಿಯ ಮೆಟ್ಟಿಲು ಇಂದಿಗೂ ಎತ್ತರ,
ಕುದುರೆಯಿಂದ ಇಳಿಯುವವರ ಕಾಲಿಗೆ ಕಟ್ಟಿದಂತಿದೆ.
ನಮ್ಮವರು ಮಂಡಿ ಹಿಡಿದು ಹತ್ತುತ್ತಾರೆ.
ಒಳಗೆ 'ನಾಳೆ ಬಾ' ಅನ್ನುವ ಕನ್ನಡ ಮಾತ್ರ ನಮ್ಮದು.
ದೊರೆ ಹೋಗಿ ಎಷ್ಟು ಕಾಲವಾಯಿತು,
ರಜೆ ಅರ್ಜಿಯ ಕೊನೆಯಲ್ಲಿ
'ತಮ್ಮ ವಿಧೇಯಳು' ಎಂದು ಈಗಲೂ ನಾನೇ ಬರೆಯುತ್ತೇನೆ,
ಬೆನ್ನು ಬಗ್ಗಿದ್ದು ಪೆನ್ನಿಗೆ ಗೊತ್ತೇ ಆಗುವುದಿಲ್ಲ.

ಹದಿನೇಳನೇ ಮನೆ.
ಬಾಗಿಲಲ್ಲಿ ಹತ್ತೊಂಬತ್ತರ ಹುಡುಗಿ,
ಕೈತುಂಬ ಇನ್ನೂ ಮದುವೆಯ ಹಸಿರು ಬಳೆ.
'ಹೆಸರು?'
ಅವಳು ಒಳಗೆ ತಿರುಗಿ ನೋಡುತ್ತಾಳೆ.
'ನಿಂಗರಾಜು ಮಿಸಸ್ಸು ಅಂತ ಬರ್ಕಳಿ ಮೇಡಂ'
ಟೀವಿಯ ಸದ್ದಿನ ಮೇಲೆ ಗಂಡಸಿನ ದನಿ.

ನಾನು ಬರೆಯುವುದಿಲ್ಲ.
ಪೆನ್ನು ಒದರುತ್ತೇನೆ. ನೀರು ಕುಡಿಯುತ್ತೇನೆ.
ಕಬ್ಬಿನ ಟ್ರ್ಯಾಕ್ಟರೊಂದು ಬೀದಿಯನ್ನೆಲ್ಲ ನಡುಗಿಸಿ ಹೋಗುತ್ತದೆ.
ನನಗೇನು ಆತುರ.

ಹುಡುಗಿ ಕೈ ಚಾಚುತ್ತಾಳೆ, ಬಳೆ ಸದ್ದಾಗುತ್ತದೆ.
'ಪೆನ್ ಕೊಡಿ ಮೇಡಂ,
ನೀವು ತಪ್ಪು ಬರೀತೀರ.
ಅದ್ರಲ್ಲೊಂದು ಒತ್ತಕ್ಷರ ಇದೆ.'